ಬೆನ್ನು ನೋಡಿ ಆರಿಸಿದ ಪ್ಯಾಟರ್ನ್: ಒಂದು ಫ್ರಾಕ್ ಕೋಟಿನ ಹೊಲಿಗೆ ಡೈರಿ

ನಾವಿರುವುದು ಇಂಗ್ಲೆಂಡಿನ ಕೆಂಟ್‌ನಲ್ಲಿ, ರೋಚೆಸ್ಟರ್ ಊರಿನ ಪಕ್ಕ. ಡಿಸೆಂಬರ್ ಬಂತೆಂದರೆ ರೋಚೆಸ್ಟರ್‌ನ ಹಳೇ ಪೇಟೆ ಬೀದಿಯಲ್ಲಿ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಹೆಸರಿನ ಕ್ರಿಸ್‌ಮಸ್ ಹಬ್ಬ ನಡೆಯುತ್ತದೆ. ಜನ ವಿಕ್ಟೋರಿಯಾ ರಾಣಿ ಕಾಲದ ಬಟ್ಟೆ ಹಾಕಿಕೊಂಡು ಮೆರವಣಿಗೆ ಹೋಗುತ್ತಾರೆ. ಫ್ರಾಕ್ ಕೋಟು ಅನ್ನುವ ಮಂಡಿವರೆಗಿನ ಉದ್ದ ಕೋಟು, ಎತ್ತರದ ಟೋಪಿ, ಕೈಯಲ್ಲೊಂದು ಕೋಲು. ಮೂರು ವರ್ಷ ಬೀದಿ ಬದಿಯಲ್ಲಿ ನಿಂತು ನೋಡಿದ ನಮ್ಮನೆಯವರು ನಾಲ್ಕನೇ ವರ್ಷ, "ನನಗೂ ಒಂದು ಹೊಲಿದು ಕೊಡ್ತೀಯಾ?" ಅಂದರು. ಬಾಡಿಗೆಗೂ ಸಿಗುತ್ತದೆ. ಆದರೆ ದಾವಣಗೆರೆಯಲ್ಲಿ ನಲವತ್ತು ವರ್ಷ ಗಂಡಸರ ಬಟ್ಟೆ ಹೊಲಿದ ಟೈಲರ್ ಮಗಳ ಮುಂದೆ ಬಾಡಿಗೆ ಕೋಟಿನ ಮಾತೆತ್ತುವ ಧೈರ್ಯ ಅವರಿಗಿರಲಿಲ್ಲ.

ನನಗೆ ಬ್ಲೌಸು, ಮಕ್ಕಳ ಬಟ್ಟೆ, ಕಿಟಕಿ ಪರದೆ ಎಲ್ಲ ಬರುತ್ತದೆ. ಗಂಡಸರ ಕೋಟು ಯಾವತ್ತೂ ಹೊಲಿದಿರಲಿಲ್ಲ. ಜೂನ್‌ನಲ್ಲಿ ಶುರು ಮಾಡಿದೆ, ನವೆಂಬರ್ ಕೊನೆಗೆ ಮುಗಿಯಿತು. ಅದರಲ್ಲಿ ಹತ್ತಿರ ಹತ್ತಿರ ಅರ್ಧ ಸಮಯ ಹೋದದ್ದು ಸರಿಯಾದ ಪ್ಯಾಟರ್ನ್, ಅಂದರೆ ಬಟ್ಟೆ ಮೇಲಿಟ್ಟು ಕತ್ತರಿಸುವ ಕಾಗದದ ಅಚ್ಚು, ಹುಡುಕುವುದಕ್ಕೆ. ಹಾಗಾಗಿ ಇಲ್ಲಿ ಹೊಲಿಗೆಗಿಂತ ಹುಡುಕಾಟದ ಕಥೆಯೇ ಜಾಸ್ತಿ.

ಮೊದಲು ಇಸವಿ

"ವಿಕ್ಟೋರಿಯನ್ ಕೋಟು" ಅಂತ ಹುಡುಕಿದರೆ ಸಾವಿರ ಚಿತ್ರ ಬರುತ್ತವೆ. ತೊಂದರೆ ಅಲ್ಲೇ ಇರುವುದು. ವಿಕ್ಟೋರಿಯಾ ಪಟ್ಟಕ್ಕೆ ಬಂದದ್ದು 1837ರಲ್ಲಿ, ತೀರಿಕೊಂಡದ್ದು 1901ರಲ್ಲಿ. ಅಷ್ಟು ವರ್ಷ ಗಂಡಸರು ಒಂದೇ ಥರ ಬಟ್ಟೆ ಹಾಕುತ್ತಾರೆಯೇ? 1840ರ ಸುಮಾರಿನ ಫ್ರಾಕ್ ಕೋಟು ಸೊಂಟದಲ್ಲಿ ಬಿಗಿ, ಎದೆಯಲ್ಲಿ ಉಬ್ಬು, ಕೆಳಗೆ ಲಂಗದ ಹಾಗೆ ಅಗಲ. 1860ರ ಹೊತ್ತಿಗೆ ಸೊಂಟ ಸಡಿಲವಾಯಿತು, ತೋಳು ಅಗಲವಾಯಿತು. 1880ರ ಕಡೆ ಹೋದರೆ ಕೋಟು ಮತ್ತೆ ಮೈಗೆ ಅಂಟಿಕೊಂಡು, ಗುಂಡಿಗಳು ಎದೆ ಮೇಲಕ್ಕೆ ಏರಿದವು. ಫ್ರಾಕ್ ಕೋಟಿನ ಜೊತೆಗೆ ಮುಂಭಾಗ ಓರೆಯಾಗಿ ಕತ್ತರಿಸಿದ ಮಾರ್ನಿಂಗ್ ಕೋಟು, ರಾತ್ರಿ ಊಟಕ್ಕೆ ಹಾಕುವ ಬಾಲದ ಕೋಟು, ಸೊಂಟದಲ್ಲಿ ಜೋಡಣೆಯೇ ಇಲ್ಲದ ದೊಗಲೆ ಸ್ಯಾಕ್ ಕೋಟು ಬೇರೆ. ಈಗಿನ ಸೂಟಿನ ಕೋಟು ಹುಟ್ಟಿದ್ದು ಆ ಸ್ಯಾಕ್ ಕೋಟಿನಿಂದಲೇ.

ನಮಗೆ ಇಸವಿ ಆರಿಸುವುದು ಸುಲಭವಾಯಿತು. ಡಿಕನ್ಸ್ ರೋಚೆಸ್ಟರ್ ಹತ್ತಿರದ ಹೈಯಮ್‌ನಲ್ಲಿ, ಗ್ಯಾಡ್ಸ್ ಹಿಲ್ ಪ್ಲೇಸ್ ಎಂಬ ಮನೆಯಲ್ಲಿದ್ದರು. 1870ರ ಜೂನ್ 9ರಂದು ಅಲ್ಲೇ ತೀರಿಕೊಂಡರು. ಅವರ ಹೆಸರಿನ ಹಬ್ಬಕ್ಕೆ 1880ರ ಕೋಟು ಹಾಕಿಕೊಂಡು ಹೋದರೆ ಯಾರೂ ಬೈಯುವುದಿಲ್ಲ ನಿಜ. ಆದರೆ ಒಂದು ಗೆರೆ ಎಳೆದುಕೊಳ್ಳದಿದ್ದರೆ ಪ್ಯಾಟರ್ನ್ ಅಂಗಡಿಯಲ್ಲಿ ಕಳೆದುಹೋಗುತ್ತೇವೆ. 1860ರಿಂದ 1870, ಅಷ್ಟೇ ಅಂತ ಗೋಡೆ ಮೇಲೆ ಚೀಟಿ ಅಂಟಿಸಿದೆ.

ಆ ಹತ್ತು ವರ್ಷದ ಫೋಟೋಗಳಿಗೆ ಬರವಿಲ್ಲ. ಕಾರ್ತ್ ದ ವಿಸಿತ್ ಅಂತ ವಿಸಿಟಿಂಗ್ ಕಾರ್ಡಿನಷ್ಟು ಚಿಕ್ಕ ಫೋಟೋ ತೆಗೆಯುವ ವಿಧಾನಕ್ಕೆ ದಿಸ್ದೇರಿ ಎಂಬ ಫ್ರೆಂಚ್ ಫೋಟೋಗ್ರಾಫರ್ 1854ರಲ್ಲಿ ಪೇಟೆಂಟ್ ಪಡೆದ. 1860ರ ದಶಕದಲ್ಲಿ ಇಂಗ್ಲೆಂಡಿನವರಿಗೆ ಅದರ ಹುಚ್ಚೇ ಹಿಡಿದಿತ್ತು. ಇವತ್ತಿಗೂ ಇಲ್ಲಿನ ಹಳೇ ಸಾಮಾನಿನ ಅಂಗಡಿಗಳಲ್ಲಿ ಡಬ್ಬದ ತುಂಬ ಬಿದ್ದಿರುತ್ತವೆ. ಎರಡೆರಡು ಪೌಂಡ್ ಕೊಟ್ಟು ಐದು ತಂದೆ. ಗಡ್ಡದ ಸಾಹೇಬರು, ಕುರ್ಚಿ ಹಿಡಿದು ನಿಂತವರು, ಪುಸ್ತಕದ ಮೇಲೆ ಕೈಯಿಟ್ಟವರು. ಕಾಲರ್ ಅಗಲ, ಗುಂಡಿ ಎಷ್ಟು, ಕೋಟು ಮಂಡಿವರೆಗೆ ಬರುತ್ತದಾ ಇಲ್ಲವಾ, ಎಲ್ಲ ಗೊತ್ತಾಯಿತು. ಒಂದು ಮಾತ್ರ ಗೊತ್ತಾಗಲಿಲ್ಲ, ಆಗ ಅದು ನನ್ನ ತಲೆಗೇ ಬರಲಿಲ್ಲ. ಐದು ಜನರೂ ಕ್ಯಾಮೆರಾ ಕಡೆ ಮುಖ ಮಾಡಿದ್ದರು. ನಮ್ಮೂರ ಕಡೆ ಹಳೇ ಫೋಟೋಗಳಲ್ಲಿ ಕಚ್ಚೆ ಪಂಚೆ ಮೇಲೆ ಕೋಟು ಹಾಕಿ ನಿಂತ ವಕೀಲರು, ಮೇಷ್ಟ್ರುಗಳೂ ಹಾಗೇ. ಯಾರು ತಾನೇ ಬೆನ್ನು ತೋರಿಸಿ ಫೋಟೋ ತೆಗೆಸಿಕೊಳ್ಳುತ್ತಾರೆ?

ಕಾಂಪೌಂಡರ್ ಕೋಟು

ಮೊದಲ ಪ್ಯಾಟರ್ನ್ ತಂದದ್ದು ಲಕೋಟೆ ಮೇಲಿನ ಚಿತ್ರಕ್ಕೆ ಮರುಳಾಗಿ. ದೊಡ್ಡ ಕಂಪನಿಯದು, ಹೆಸರು ಬೇಡ. ಚಿತ್ರದಲ್ಲಿದ್ದ ಹುಡುಗ ಚೆನ್ನಾಗಿದ್ದ. ಕೋಟು ಉದ್ದವಿತ್ತು, ಎರಡು ಸಾಲು ಗುಂಡಿ, ಕಾಲರ್ ಮೇಲೆ ಸ್ಯಾಟಿನ್. ಮೇಲೆ "ಸುಲಭ" ಅಂತ ಬೇರೆ ಬರೆದಿತ್ತು.

ತೆಳು ಕಾಗದ ಬಿಚ್ಚಿ ಹರಡಿದಾಗ ತುಂಡುಗಳು ತುಂಬಾ ಕಮ್ಮಿ ಅನ್ನಿಸಿತು. ಖುಷಿಯೂ ಆಯಿತು, ಕೆಲಸ ಬೇಗ ಮುಗಿಯುತ್ತದಲ್ಲ. ಹಳೇ ಬೆಡ್‌ಶೀಟ್ ಕತ್ತರಿಸಿ, ಎರಡು ಸಂಜೆಯಲ್ಲಿ ಕಚ್ಚಾ ಹೊಲಿಗೆ ಹಾಕಿ, ನಮ್ಮನೆಯವರಿಗೆ ತೊಡಿಸಿ, ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ.

ಅಪ್ಪ ಕನ್ನಡಕ ಏರಿಸಿ ಸ್ವಲ್ಪ ಹೊತ್ತು ನೋಡಿದರು. "ಅಳಿಯಂದ್ರಿಗೆ ಸ್ವಲ್ಪ ತಿರುಗೋಕೆ ಹೇಳವ್ವಾ" ಅಂದರು. ಇವರು ತಿರುಗಿದರು. ಆ ಕಡೆಯಿಂದ ಮಾತೇ ಇಲ್ಲ. ಆಮೇಲೆ, "ಮುಂದಿಂದ ನೋಡಿದ್ರೆ ಸಾಹೇಬ್ರು. ಹಿಂದಿಂದ ನೋಡಿದ್ರೆ ಆಸ್ಪತ್ರೆ ಕಾಂಪೌಂಡರು."

ನಗು ಬಂತು, ಸಿಟ್ಟೂ ಬಂತು. ಆದರೆ ಮಾತು ನಿಜ. ಹಿಂದೆ ಭುಜದಿಂದ ಮಂಡಿವರೆಗೆ ಎರಡೇ ಉದ್ದ ತುಂಡು. ಸೊಂಟದಲ್ಲಿ ಜೋಡಣೆ ಇಲ್ಲ, ನೆರಿಗೆ ಇಲ್ಲ. ನಡುವೆ ಒಂದು ಸೀಳು, ಅಷ್ಟೇ. ಡಾಕ್ಟರ ಬಿಳಿ ಕೋಟಿಗೂ ಇದಕ್ಕೂ ಬಣ್ಣ ಒಂದು ಬಿಟ್ಟರೆ ವ್ಯತ್ಯಾಸವಿರಲಿಲ್ಲ.

"ಕೋಟಿನ ಮುಂಭಾಗ ಯಾರು ಬೇಕಾದ್ರೂ ಹೊಲೀತಾರೆ" ಅಂದರು ಅಪ್ಪ. "ಕಾಲರ್ ಇಟ್ರೆ, ಗುಂಡಿ ಹಚ್ಚಿದ್ರೆ ಮುಂಭಾಗ ಆಗ್ತದೆ. ಬೆನ್ನು ನೋಡಿದ್ರೆ ಗೊತ್ತಾಗ್ತದೆ ಹೊಲಿದವ್ನು ಯಾರು ಅಂತ."

ಹಳೇ ಬೆನ್ನು ಹೇಗಿತ್ತು

ಆ ಶನಿವಾರ ಲಂಡನ್ನಿಗೆ ಹೋದೆ. ಸೌತ್ ಕೆನ್ಸಿಂಗ್ಟನ್‌ನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಹಳೇ ಉಡುಪುಗಳಿಗೇ ಒಂದು ಗ್ಯಾಲರಿ ಇತ್ತು. ಒಳಗೆ ಹೋಗಲು ದುಡ್ಡು ಕೊಡಬೇಕಿರಲಿಲ್ಲ. ಗಾಜಿನ ಪೆಟ್ಟಿಗೆ ಸುತ್ತ ಗುಬ್ಬಿ ಥರ ಸುತ್ತಿದೆ. ಮುಂದಿನಿಂದ ಫೋಟೋ ತೆಗೆಯುವವರ ನಡುವೆ ನಾನೊಬ್ಬಳು ಹಿಂದೆ ಹೋಗಿ ಬಗ್ಗಿ ನೋಡುತ್ತಿದ್ದೆ. ಮನೆಗೆ ಬಂದ ಮೇಲೆ ಮ್ಯೂಸಿಯಂಗಳ ವೆಬ್‌ಸೈಟಿನಲ್ಲಿ ಕೋಟುಗಳ ಹಿಂಭಾಗದ ಫೋಟೋಗಳನ್ನೂ ಹುಡುಕಿ ಇಟ್ಟುಕೊಂಡೆ.

ಆಗಿನ ಫ್ರಾಕ್ ಕೋಟಿನ ಬೆನ್ನು ನಿಜಕ್ಕೂ ಬೇರೆ. ನಟ್ಟ ನಡುವೆ ಒಂದು ಹೊಲಿಗೆ. ಅದರ ಎರಡೂ ಪಕ್ಕ, ಕಂಕುಳಿನ ಹಿಂದಿನಿಂದ ಹೊರಟು ಬಾಗುತ್ತಾ ಸೊಂಟದ ನಡುವಿಗೆ ಬಂದು ಸೇರುವ ಇನ್ನೆರಡು ಹೊಲಿಗೆ. ಇವು ಭುಜದಿಂದ ಹೊರಡುವುದಿಲ್ಲ, ಅದೇ ಮುಖ್ಯ. ಭುಜದಿಂದ ಹೊರಟರೆ ಅದು ಹೆಂಗಸರ ಪ್ರಿನ್ಸೆಸ್ ಕಟ್. ಹೀಗೆ ಬಾಗಿದ್ದರಿಂದ ಬೆನ್ನಿನ ತುಂಡು ಮೇಲೆ ಅಗಲ, ಸೊಂಟದಲ್ಲಿ ಎರಡು ಮೂರು ಬೆರಳಿನಷ್ಟೇ ಸಣ್ಣ. ಅದಕ್ಕೂ ಮುಂಭಾಗಕ್ಕೂ ನಡುವೆ ಪಕ್ಕದ ತುಂಡು ಅಂತ ಬೇರೆಯೇ ಒಂದು ಬರುತ್ತದೆ. ಸೊಂಟದಲ್ಲಿ ಅಡ್ಡ ಜೋಡಣೆ. ಅದರ ಕೆಳಗೆ ಪ್ರತ್ಯೇಕವಾಗಿ ಕತ್ತರಿಸಿದ ಘೇರು. ಹಿಂದೆ ಎರಡು ಗುಂಡಿ, ಆ ಗುಂಡಿಗಳ ಕೆಳಗೆ ಎರಡು ನೆರಿಗೆ, ನೆರಿಗೆಯೊಳಗೆ ಅಡಗಿಸಿಟ್ಟ ಜೇಬು. ಭುಜದ ಹೊಲಿಗೆಯೂ ಈಗಿನಂತೆ ಭುಜದ ನೆತ್ತಿಯ ಮೇಲಿಲ್ಲ. ಹಿಂದಕ್ಕೆ ಇಳಿದು, ಓರೆಯಾಗಿ, ಬೆನ್ನ ಮೇಲೆ ಕೂತಿರುತ್ತದೆ.

ಇಷ್ಟು ಗೊತ್ತಾದ ಮೇಲೆ ಪ್ಯಾಟರ್ನ್ ಆರಿಸುವ ರೀತಿಯೇ ಬದಲಾಯಿತು. ಲಕೋಟೆಯ ಮುಂದಿನ ಚಿತ್ರ ನೋಡುವುದನ್ನೇ ಬಿಟ್ಟೆ. ಎಲ್ಲ ಪ್ಯಾಟರ್ನ್‌ಗಳ ಹಿಂದೆಯೂ ಒಂದು ಚಿಕ್ಕ ಗೆರೆಚಿತ್ರ ಇರುತ್ತದೆ, ಬಣ್ಣವಿಲ್ಲದ್ದು, ಹೊಲಿಗೆ ಗೆರೆ ಮಾತ್ರ ತೋರಿಸುವಂಥದ್ದು. ಅದರಲ್ಲಿ ಬೆನ್ನು ಹುಡುಕಿದೆ. ಬೆನ್ನಿನ ಗೆರೆಚಿತ್ರ ಕೊಡದ ಪ್ಯಾಟರ್ನ್ ಅಲ್ಲಿಗೇ ಬಿಟ್ಟೆ. ಪಕ್ಕದ ತುಂಡು ಇಲ್ಲದಿದ್ದರೆ ಬಿಟ್ಟೆ. ಸೊಂಟದಲ್ಲಿ ಜೋಡಣೆ ಇಲ್ಲದಿದ್ದರೆ ಬಿಟ್ಟೆ. ತೋಳು ಒಂದೇ ತುಂಡಿನದಾದರೂ ಬಿಟ್ಟೆ, ಯಾಕೆಂದರೆ ಕೋಟಿನ ತೋಳಿಗೆ ಮೇಲೊಂದು, ಕೆಳಗೊಂದು ಎರಡು ತುಂಡು ಬೇಕು. ಇಲ್ಲದಿದ್ದರೆ ಮೊಣಕೈ ಹತ್ತಿರ ಆ ಬಾಗು ಬರುವುದಿಲ್ಲ. ನಲವತ್ತು ಪ್ಯಾಟರ್ನ್‌ಗಳಿದ್ದ ಪಟ್ಟಿ ಒಂದೇ ಸಂಜೆಯಲ್ಲಿ ಆರಕ್ಕೆ ಇಳಿಯಿತು.

ಉಳಿದ ಆರೂ ಹಳೇ ಕಾಲದ ಬಟ್ಟೆಯ ಪ್ಯಾಟರ್ನ್‌ಗಳನ್ನೇ ಮಾಡುವ ಸಣ್ಣ ಸಣ್ಣ ಕಂಪನಿಗಳವು. ಅಮೆರಿಕದ ಲಾಫಿಂಗ್ ಮೂನ್, ಪಾಸ್ಟ್ ಪ್ಯಾಟರ್ನ್ಸ್ ಥರದವು. ಬೆಲೆ ದೊಡ್ಡ ಕಂಪನಿಯದಕ್ಕಿಂತ ಜಾಸ್ತಿ. ಲಕೋಟೆ ಸಾದಾ. ಆದರೆ ಒಳಗಿನ ಕಾಗದದಲ್ಲಿ ಇದು ಯಾವ ದಶಕದ್ದು, ಗುಂಡಿ ಎಲ್ಲಿ, ಒಳಗೆ ಏನು ತುಂಬಬೇಕು ಅಂತ ವಿವರ ಇರುತ್ತದೆ.

ಒಂದು ಆಸೆಯೂ ಬಂದಿತ್ತು, ಸುಳ್ಳು ಹೇಳುವುದಿಲ್ಲ. ಪ್ಯಾಟರ್ನ್ ಕೊಳ್ಳದೆ, ಅಳತೆ ಹಿಡಿದು ನಾನೇ ಗೆರೆ ಎಳೆದು ಡ್ರಾಫ್ಟ್ ಮಾಡಿದರೆ? ಆ ಕಾಲದ ದರ್ಜಿಗಳ ಕಟಿಂಗ್ ಪುಸ್ತಕಗಳು ಸ್ಕ್ಯಾನ್ ಆಗಿ ಪುಕ್ಕಟೆ ಸಿಗುತ್ತವೆ. ಎದೆ ಅಳತೆಯ ಅರ್ಧ ತೆಗೆದುಕೊಂಡು, ಅದನ್ನೇ ಭಾಗ ಮಾಡುತ್ತಾ ಬೆನ್ನು, ಕಂಕುಳು, ಕುತ್ತಿಗೆ ಎಲ್ಲದರ ಲೆಕ್ಕ ಹಿಡಿಯುವ ಪದ್ಧತಿ. ಅಪ್ಪನಿಗೆ ಒಂದು ಪುಟ ಕಳಿಸಿದೆ. "ಇದು ನಮ್ದೇ ಲೆಕ್ಕ ಅಲ್ವೇನವ್ವಾ!" ಅಂದರು. ಅವರು ಜೀವಮಾನವಿಡೀ ಕಾಗದದ ಪ್ಯಾಟರ್ನ್ ಮುಟ್ಟಿದವರಲ್ಲ. ಎದೆಯಲ್ಲಿ ನಾಲ್ಕನೇ ಒಂದು, ಎಂಟನೇ ಒಂದು ಅಂತ ಬಾಯಲ್ಲೇ ಹೇಳುತ್ತಾ ಸೀದಾ ಬಟ್ಟೆ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದರು. ಮನೆಯಲ್ಲಿ ಹೊಲಿಯುವವರಿಗೆ ಅಂತ ಬೇರೆ ಬೇರೆ ಸೈಜಿನ ಕಾಗದದ ಪ್ಯಾಟರ್ನ್ ಮಾರಾಟಕ್ಕೆ ತಂದದ್ದು ಅಮೆರಿಕದ ಎಬೆನೀಜರ್ ಬಟರಿಕ್, 1863ರಲ್ಲಿ. ಅವನೂ ದರ್ಜಿಯೇ. ಶುರು ಮಾಡಿದ್ದು ಗಂಡಸರ ಮತ್ತು ಹುಡುಗರ ಬಟ್ಟೆಯಿಂದ. ಈಗ ನೋಡಿದರೆ ಅಂಗಡಿಯಲ್ಲಿ ಹೆಂಗಸರದು ಗೋಡೆ ತುಂಬ, ಗಂಡಸರದು ಒಂದು ಮೂಲೆಯಲ್ಲಿ.

ಡ್ರಾಫ್ಟ್ ಮಾಡುವ ಆಸೆಯನ್ನು ಅಪ್ಪನೇ ತಡೆದರು. "ಕೈ ಪಳಗಿದ ಮೇಲೆ ಮಾಡು. ಈಗ ಯಾರೋ ಮಾಡಿಟ್ಟಿದ್ದನ್ನ ತಗೊಂಡು ಸರಿ ಮಾಡೋದು ಕಲಿ."

ಎರಡು ಮಿಲಿಮೀಟರಿನ ಪಾಠ

ಆರರಲ್ಲಿ ಒಂದನ್ನು ಕೊಂಡೆ. ಅಂಚೆಗೆ ಕಾಯುವ ತಾಳ್ಮೆ ಇಲ್ಲದೆ ಮನೆಯಲ್ಲೇ ಪ್ರಿಂಟ್ ಮಾಡುವ ಫೈಲ್ ತೆಗೆದುಕೊಂಡೆ. ಎ4 ಹಾಳೆ 42. ಅದನ್ನೆಲ್ಲ ಅಂಚು ಕತ್ತರಿಸಿ, ನೆಲದ ಮೇಲೆ ಹರಡಿ, ಟೇಪು ಹಚ್ಚಿ ಜೋಡಿಸಲು ಒಂದು ಭಾನುವಾರ ಪೂರ್ತಿ ಹೋಯಿತು. ಮಂಡಿ ನೋವು ಬೇರೆ.

ಮೊದಲ ಹಾಳೆಯಲ್ಲೇ 5 ಸೆಂಟಿಮೀಟರಿನ ಚೌಕವೊಂದಿತ್ತು. ಸ್ಕೇಲಿಟ್ಟು ಅಳೆಯಿರಿ ಅಂತ ಬರೆದಿತ್ತು. ಅಳೆಯಲಿಲ್ಲ. ಪಕ್ಕದ ತುಂಡನ್ನು ಇವರ ಪಕ್ಕೆಗೆ ಹಿಡಿದಾಗಲೇ ಏನೋ ಸರಿಯಿಲ್ಲ ಅನ್ನಿಸಿತು. ಆಗ ಹೋಗಿ ಚೌಕ ಅಳೆದೆ. 4.8. ಪ್ರಿಂಟರ್ ತಾನಾಗಿಯೇ ಹಾಳೆಗೆ ಹೊಂದುವಂತೆ ಚಿತ್ರವನ್ನು ಕುಗ್ಗಿಸಿತ್ತು. ಎರಡು ಮಿಲಿಮೀಟರ್ ಏನು ಮಹಾ ಅನ್ನಿಸುತ್ತದೆ. ಲೆಕ್ಕ ಹಾಕಿದರೆ ನೂರಕ್ಕೆ ನಾಲ್ಕು ಕಮ್ಮಿ. 44 ಇಂಚು ಸುತ್ತಳತೆಯ ಕೋಟಿನಲ್ಲಿ ಅದು ಒಂದೂಮುಕ್ಕಾಲು ಇಂಚು. ಗುಂಡಿಯೇ ಹಾಕಲು ಬರುತ್ತಿರಲಿಲ್ಲ.

ಪ್ರಿಂಟ್ ಮಾಡುವಾಗ ನೂರಕ್ಕೆ ನೂರು ಅಂತ ಇಡಬೇಕು. ಮೊದಲು ಒಂದೇ ಹಾಳೆ ತೆಗೆದು ಚೌಕ ಅಳೆದು, ಆಮೇಲೆ ಮಿಕ್ಕ 41. ಎರಡನೇ ಭಾನುವಾರವೂ ನೆಲದ ಮೇಲೇ ಕಳೆದೆ.

ಇದೇ ಹೊತ್ತಿಗೆ ಇನ್ನೊಂದು ವಿಷಯ. ಕೆಲವು ಪ್ಯಾಟರ್ನ್‌ಗಳಲ್ಲಿ ಹೊಲಿಗೆಯ ಮಾರ್ಜಿನ್ ಸೇರಿಸಿ ಗೆರೆ ಎಳೆದಿರುತ್ತಾರೆ, ದೊಡ್ಡ ಕಂಪನಿಗಳದ್ದು ಸಾಮಾನ್ಯವಾಗಿ ಒಂದೂವರೆ ಸೆಂಟಿಮೀಟರ್. ಕೆಲವರು ಅರ್ಧ ಇಂಚು ಬಿಡುತ್ತಾರೆ. ಹಳೇ ಪುಸ್ತಕದ ಡ್ರಾಫ್ಟ್ ಥರದವುಗಳಲ್ಲಿ ಮಾರ್ಜಿನ್ನೇ ಇಲ್ಲದಿರಬಹುದು. ಕತ್ತರಿ ಹಿಡಿಯುವ ಮೊದಲು ಆ ಒಂದು ಸಾಲು ಓದಿಕೊಳ್ಳಿ. ಅಪ್ಪನ ಸಲಹೆಯಂತೆ ನಾನು ನಡು ಬೆನ್ನಿಗೂ ಪಕ್ಕಕ್ಕೂ ಒಂದೊಂದು ಇಂಚು ಜಾಸ್ತಿ ಬಿಟ್ಟೆ. "ಮನುಷ್ಯ ಹಿಗ್ಗತಾನೆ, ಕೋಟು ಹಿಗ್ಗಲ್ಲ."

ಕೋಟಿಗೆ ಮೊದಲು ಪ್ಯಾಂಟು

ಕೋಟು ಹೊಲಿಯುವ ಅವಸರ ನನಗೆ. ಆದರೆ ಕೋಟಿನ ಅಳತೆ ತೆಗೆಯಬೇಕಾದ್ದು ಅಂಗಿ, ಅದರ ಮೇಲೆ ತೋಳಿಲ್ಲದ ವೇಸ್ಟ್‌ಕೋಟ್ ಹಾಕಿಕೊಂಡ ಮೈಮೇಲೆ. ಇವರ ಎದೆ 40. ಅಂಗಿ, ವೇಸ್ಟ್‌ಕೋಟ್ ಮೇಲೆ ಅಳೆದರೆ 42. ಮತ್ತೆ ವೇಸ್ಟ್‌ಕೋಟ್ ಉದ್ದ ಗೊತ್ತಾಗಬೇಕಾದರೆ ಪ್ಯಾಂಟು ಎಲ್ಲಿ ನಿಲ್ಲುತ್ತದೆ ಅಂತ ಗೊತ್ತಿರಬೇಕು. ಹೀಗೆ ಒಂದಕ್ಕೊಂದು ಗಂಟು.

ವಿಕ್ಟೋರಿಯನ್ ಉಡುಪಿನಲ್ಲಿ ಜನ ಜಾಸ್ತಿ ಎಡವುವುದು ಇಲ್ಲೇ ಅಂತ ನನ್ನ ಅಭಿಪ್ರಾಯ. ಕೋಟು ಚೆನ್ನಾಗಿ ಹೊಲಿಸಿ, ಕೆಳಗೆ ಆಫೀಸಿನ ಕಪ್ಪು ಪ್ಯಾಂಟು ಹಾಕುತ್ತಾರೆ. ಈಗಿನ ಪ್ಯಾಂಟು ನಿಲ್ಲುವುದು ಸೊಂಟದ ಮೂಳೆ ಮೇಲೆ. ಆಗಿನದು ನಿಲ್ಲುತ್ತಿದ್ದದ್ದು ಹೊಕ್ಕುಳ ಮಟ್ಟದಲ್ಲಿ. ಆಗಿನ ವೇಸ್ಟ್‌ಕೋಟ್ ಗಿಡ್ಡ. ಎರಡನ್ನೂ ಸೇರಿಸಿದರೆ ನಡುವೆ ಅಂಗೈ ಅಗಲ ಬಿಳಿ ಅಂಗಿ ಇಣುಕುತ್ತದೆ. ಮೆರವಣಿಗೆಯಲ್ಲಿ ಅದನ್ನು ಎಷ್ಟು ಸಲ ನೋಡಿದ್ದೇನೋ.

ಹಾಗಾಗಿ ಪ್ಯಾಂಟಿನ ಪ್ಯಾಟರ್ನ್‌ನಲ್ಲೂ ನಾನು ಹುಡುಕಿದ್ದು ಬೆನ್ನನ್ನೇ. ಸೊಂಟಪಟ್ಟಿ ಹಿಂದೆ ಮೇಲಕ್ಕೆ ಏರಿ, ನಡುವೆ ಸೀಳಿ, ಮೀನಿನ ಬಾಲದ ಹಾಗೆ ಎರಡಾಗಿರಬೇಕು. ಕೆಳಗೆ ಬಿಗಿ ಮಾಡುವ ಪಟ್ಟಿ, ಬಕ್ಕಲ್. ಬೆಲ್ಟಿನ ಲೂಪು ಇರಬಾರದು. ಹೆಗಲಿನ ಮೇಲೆ ಹಾಯುವ ಬ್ರೇಸಸ್‌ಗೆ ಮುಂದೆ ನಾಲ್ಕು, ಹಿಂದೆ ಎರಡು ಗುಂಡಿ. ಮುಂದೆ ಜಿಪ್ ಬದಲು ಗುಂಡಿ. ಇಸ್ತ್ರಿಯಲ್ಲಿ ಕತ್ತಿಯಂಥ ಗೆರೆ ಕೂರಿಸುವುದೂ ಬೇಡ, ಆ ಪದ್ಧತಿ ಬಂದದ್ದು ಆ ಶತಮಾನದ ಕೊನೆಗೆ. ಇವರು ಹಾಕಿಕೊಂಡು ಕನ್ನಡಿ ಮುಂದೆ ನಿಂತು, "ನಮ್ಮಜ್ಜ ಹೀಗೇ ಹಾಕ್ತಿದ್ರು, ನಾವು ನಗ್ತಿದ್ವಿ" ಅಂದರು. ಎರಡು ದಿನ ಆದಮೇಲೆ ಕೂತರೆ ಎದ್ದರೆ ಜಾರುವುದಿಲ್ಲ, ಹಾಯಾಗಿದೆ ಅಂತ ಒಪ್ಪಿಕೊಂಡರು.

ಅಂಗಿಗೆ ಪ್ಯಾಟರ್ನ್‌ಗೆ ದುಡ್ಡು ಹಾಕಬೇಡಿ. ಆಗಿನ ಅಂಗಿಯೆಂದರೆ ಚೌಕಗಳು ಮತ್ತು ಆಯತಗಳು, ಕಂಕುಳಲ್ಲಿ ಒಂದೊಂದು ಚಿಕ್ಕ ಚೌಕ. ನಮ್ಮ ಜುಬ್ಬಾ ಕತ್ತರಿಸಲು ಬಂದರೆ ಸಾಕು. ಕಾಲರ್ ಮಾತ್ರ ಬೇರೆ. ಬಿಚ್ಚಿ ತೆಗೆಯುವ ಕಾಲರ್ ಹುಟ್ಟಿದ್ದು 1827ರಲ್ಲಿ, ಅಮೆರಿಕದ ಟ್ರಾಯ್ ಊರಲ್ಲಿ. ಹ್ಯಾನಾ ಮಾಂಟೆಗ್ಯೂ ಎಂಬಾಕೆ ಗಂಡನ ಅಂಗಿಯ ಕಾಲರ್ ಒಂದೇ ಕೊಳೆಯಾದದ್ದಕ್ಕೆ ಅಂಗಿ ಪೂರ್ತಿ ಒಗೆದು ಒಗೆದು ಬೇಸತ್ತು, ಕಾಲರನ್ನು ಕತ್ತರಿಸಿ ಬೇರೆ ಮಾಡಿದಳಂತೆ. ಆಕೆಯ ಸಿಟ್ಟು ನನಗೆ ಪೂರ್ತಿ ಅರ್ಥವಾಗುತ್ತದೆ. ಕಾಲರಿಗೆ ಅನ್ನದ ಗಂಜಿ ಹಾಕಿ ಇಸ್ತ್ರಿ ಮಾಡಿದೆ, ಹಲಗೆ ಹಾಗೆ ನಿಂತಿತು.

ವೇಸ್ಟ್‌ಕೋಟಿನಲ್ಲಿ ಸ್ವಲ್ಪ ಆಟವಾಡಿದೆ. ಡಿಕನ್ಸ್‌ಗೆ ಬಣ್ಣಬಣ್ಣದ ವೇಸ್ಟ್‌ಕೋಟಿನ ಶೋಕಿ ಇತ್ತು ಅಂತ ಎಲ್ಲರೂ ಹೇಳುತ್ತಾರೆ. ಆಗ ಚಿಕ್ಕ ಚಿಕ್ಕ ಹೂವಿನ ನೇಯ್ಗೆಯ ರೇಷ್ಮೆ ಬಳಸುತ್ತಿದ್ದರು. ಇಲ್ಲಿನ ಅಂಗಡಿಯಲ್ಲಿ ಅಂಥದ್ದು ಕೇಳಿದರೆ ಸೋಫಾ ಬಟ್ಟೆ ತೋರಿಸುತ್ತಾರೆ. ಟ್ರಂಕಿನಲ್ಲಿ ಗುಳೇದಗುಡ್ಡದ ಖಣ ಒಂದಿತ್ತು, ಕಡು ಕೆಂಪು, ಅಮ್ಮ ಮಡಿಲು ತುಂಬುವಾಗ ಕೊಟ್ಟದ್ದು. ಹತ್ತು ವರ್ಷವಾದರೂ ಬ್ಲೌಸ್ ಹೊಲಿದಿರಲಿಲ್ಲ. ಅದರ ಪುಟ್ಟ ಪುಟ್ಟ ಬುಟ್ಟಾಗಳು ಮ್ಯೂಸಿಯಂನಲ್ಲಿ ನೋಡಿದ ವೇಸ್ಟ್‌ಕೋಟಿಗೆ ಎಷ್ಟು ಹತ್ತಿರ ಅಂದರೆ, ಅಮ್ಮನನ್ನೂ ಕೇಳದೆ ಕತ್ತರಿಸಿಬಿಟ್ಟೆ. ವೇಸ್ಟ್‌ಕೋಟಿನ ಮುಂಭಾಗ ಮಾತ್ರ ಚಂದದ ಬಟ್ಟೆಯದು, ಹಿಂಭಾಗ ಕಪ್ಪು ಹತ್ತಿಯದು, ಆ ಕಾಲದಲ್ಲೂ ಹಾಗೇ. ಹಾಗಾಗಿ ಒಂದು ಖಣ ಸಾಕಾಯಿತು. ಅಂಚನ್ನು ಎಲ್ಲೂ ಬಳಸಲಿಲ್ಲ. ಅಂಚು ಕಂಡರೆ ತಕ್ಷಣ ಗುಟ್ಟು ರಟ್ಟಾಗುತ್ತದೆ.

ಓದೋ ಬೆನ್ನು

ಸೆಪ್ಟೆಂಬರ್‌ನಲ್ಲಿ ಕೋರಾ ಬಟ್ಟೆಯಲ್ಲಿ ಕೋಟಿನ ಟ್ರಯಲ್. ತೋಳು ಸಮೇತ, ಘೇರು ಸಮೇತ. ಕನ್ನಡಿಯಲ್ಲಿ ನೋಡಿದಾಗ ಮೊದಲ ಸಲ ಎದೆ ಝಲ್ಲೆಂದಿತು, ಅದು ನಿಜಕ್ಕೂ ಫ್ರಾಕ್ ಕೋಟೇ ಆಗಿತ್ತು. ಆದರೆ ಕಾಲರ್ ಹಿಂದೆ ಕುತ್ತಿಗೆಯಿಂದ ದೂರ ನಿಂತಿತ್ತು, ಎರಡು ಬೆರಳು ತೂರುವಷ್ಟು. ಹಿಂದಿನ ಘೇರು ಮೇಲಕ್ಕೆ ಎತ್ತಿಕೊಂಡು ಬಾಯಿ ಬಿಟ್ಟಿತ್ತು. ಸೈಜು ಸರಿ, ಅಳತೆ ಸರಿ. ಮತ್ತೆ ಇದೇನು?

ಅಪ್ಪನಿಗೆ ಫೋನ್. ಇವರನ್ನು ಪಕ್ಕಕ್ಕೆ ತಿರುಗಿಸಿ ನಿಲ್ಲಿಸಿದೆ. ಅಪ್ಪ ಕೆಮ್ಮಿದರು. ಅಳಿಯನಿಗೆ ಗೂನು ಅಂತ ಬಾಯಿಬಿಟ್ಟು ಹೇಳುವುದು ಹೇಗೆ? ಕೊನೆಗೆ, "ಅಳಿಯಂದ್ರದು ಓದೋ ಬೆನ್ನು" ಅಂದರು.

ಹದಿನೈದು ವರ್ಷ ಕಂಪ್ಯೂಟರ್ ಮುಂದೆ ಬಗ್ಗಿ ಕೂತ ಬೆನ್ನು ಅದು. ಹಳೇ ಪ್ಯಾಟರ್ನ್ ಎದೆಯುಬ್ಬಿಸಿ, ಭುಜ ಹಿಂದಕ್ಕೆಳೆದು ನಿಲ್ಲುವವನಿಗೆ ಮಾಡಿದ್ದು. ಬಾಗಿದ ಬೆನ್ನಿಗೆ ಹಿಂದೆ ಬಟ್ಟೆ ಸಾಲುವುದಿಲ್ಲ, ಅದಕ್ಕೇ ಕೋಟು ಕೆಳಗಿನಿಂದ ಮೇಲಕ್ಕೆ ಎಳೆದುಕೊಳ್ಳುತ್ತದೆ. ಬೆನ್ನಿನ ತುಂಡನ್ನು ಹೆಗಲೆಲುಬಿನ ಮಟ್ಟದಲ್ಲಿ ನಡುವಿನಿಂದ ಕಂಕುಳವರೆಗೆ ಕತ್ತರಿಸಿ, ಕಂಕುಳ ಹತ್ತಿರ ಕೂದಲೆಳೆಯಷ್ಟು ಹಿಡಿದುಕೊಂಡು, ನಡುವೆ ಅರ್ಧ ಇಂಚು ತೆರೆದು ಕೆಳಗೆ ಕಾಗದ ಅಂಟಿಸಿದೆ. ನಡು ಬೆನ್ನಿನ ಗೆರೆ ಸ್ವಲ್ಪ ಬಾಗಿತು. ಬಾಗಲಿ, ಅಲ್ಲಿ ಹೊಲಿಗೆ ಇದೆಯಲ್ಲ, ಅದು ನುಂಗಿಕೊಳ್ಳುತ್ತದೆ. ಕಾಂಪೌಂಡರ್ ಕೋಟಿನ ಬೆನ್ನಲ್ಲಿ ಹೊಲಿಗೆಗಳೇ ಕಮ್ಮಿ. ಈ ಬೆನ್ನಲ್ಲಿ ಮೂರು ಇವೆ, ಮೂರು ಕಡೆ ಸರಿ ಮಾಡಬಹುದು. ತುಂಡು ಜಾಸ್ತಿ ಅಂತ ಹೆದರಿದ್ದೆನಲ್ಲ, ಆ ತುಂಡುಗಳೇ ನನ್ನನ್ನು ಉಳಿಸಿದ್ದು.

ಮುಂಭಾಗದಲ್ಲಿ ಎದೆ ಅಡ್ಡಕ್ಕೆ ಕಾಲು ಇಂಚು ಮಡಿಸಿ ತೆಗೆದೆ. ಇವರ ಕೈಗಳು ಕೀಬೋರ್ಡಿನ ಕಡೆ ಚಾಚಿದಂತೆ ಮುಂದಕ್ಕೇ ಜೋತುಬೀಳುತ್ತವೆ, ಅದಕ್ಕೆ ತೋಳನ್ನೂ ಅರ್ಧ ಇಂಚು ಮುಂದಕ್ಕೆ ತಿರುಗಿಸಿ ಕೂರಿಸಿದೆ. ಎರಡನೇ ಟ್ರಯಲ್‌ನಲ್ಲಿ ಕಾಲರ್ ಕುತ್ತಿಗೆಗೆ ಬಂದು ಕೂತಿತು.

ಬಟ್ಟೆಗೆ ಕತ್ತರಿ

ಉಣ್ಣೆ ಬಟ್ಟೆ ಬಂದದ್ದು ಉಣ್ಣೆ ಗಿರಣಿಗಳಿಗೆ ಹೆಸರಾದ ಹಡರ್ಸ್‌ಫೀಲ್ಡ್‌ನಿಂದ, ಕಪ್ಪು, ಒಂದೂವರೆ ಮೀಟರ್ ಪನ್ನ. ಮೂರೂವರೆ ಮೀಟರ್ ಬೇಕಾಯಿತು. ಹತ್ತಿಗಿರಣಿಗಳಿದ್ದ ಕಾಲಕ್ಕೆ ನಮ್ಮ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ಬಟ್ಟೆಯ ತುಂಡನ್ನು ಅಪ್ಪನಿಗೆ ಅಂಚೆಯಲ್ಲಿ ಕಳಿಸಿದ್ದೆ. ಬೆರಳಲ್ಲಿ ಉಜ್ಜಿ, ಮೂಸಿ, "ಇದಕ್ಕೆ ಕತ್ತರಿ ಹಾಕುವಾಗ ಉಸಿರು ಹಿಡಿಬೇಕು" ಅಂದರು. ಉಸಿರು ಹಿಡಿದೇ ಕತ್ತರಿಸಿದೆ.

ಹೊಲಿಗೆ ಕೆಲಸದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಎದೆಗೆ ಕುದುರೆ ಕೂದಲು ಬೆರೆತ ಕ್ಯಾನ್ವಾಸ್, ಅದರ ಮೇಲೆ ಹತ್ತಿಯ ತೆಳು ಪದರ, ಎಲ್ಲ ಕೈ ಹೊಲಿಗೆ. ಅಂಟಿಸುವ ಕ್ಯಾನ್ವಾಸ್ ಹಾಕೋಣ ಅಂದಿದ್ದಕ್ಕೆ ಅಪ್ಪ ಎರಡು ದಿನ ಫೋನ್ ಎತ್ತಲಿಲ್ಲ. ಕಾಜಗಳನ್ನೂ ಕೈಯಲ್ಲೇ ಹಾಕಿದೆ, ದಾರಕ್ಕೆ ಮೇಣ ಹಚ್ಚಿ. ಮೊದಲ ಎರಡು ಕಾಜ ಇಲಿ ಕಚ್ಚಿದಂತಿವೆ. ಅವು ಒಳಗಡೆ ಮುಚ್ಚಿಹೋಗುವ ಜಾಗದಲ್ಲಿವೆ, ಬೇಕಂತಲೇ ಅಲ್ಲಿಂದ ಶುರು ಮಾಡಿದ್ದೆ.

ಕಷ್ಟ ಕೊಟ್ಟದ್ದು ಸೊಂಟದ ಜೋಡಣೆ. ಘೇರಿನ ಮೇಲಂಚು ಬಾಗಿರುತ್ತದೆ, ಮೇಲಿನ ಭಾಗಕ್ಕಿಂತ ಸ್ವಲ್ಪ ಉದ್ದವೂ ಇರುತ್ತದೆ. ಆ ಹೆಚ್ಚಿನ ಬಟ್ಟೆಯನ್ನು ನೆರಿಗೆ ಕಾಣದ ಹಾಗೆ, ಒದ್ದೆ ಬಟ್ಟೆ ಹಾಸಿ ಇಸ್ತ್ರಿಯ ಹಬೆಯಲ್ಲಿ ಕುಗ್ಗಿಸಿ ಕೂರಿಸಬೇಕು. ಮೂರು ಸಲ ಬಿಚ್ಚಿದೆ. ಉಣ್ಣೆ ಅದಕ್ಕೆ ಬಗ್ಗುತ್ತದೆ, ಪಾಲಿಯೆಸ್ಟರ್ ಬಗ್ಗುವುದಿಲ್ಲ. ಬಟ್ಟೆಗೆ ದುಡ್ಡು ಉಳಿಸುವ ಆಸೆಯಿದ್ದರೆ ಇದನ್ನು ನೆನಪಿಡಿ.

ಡಿಸೆಂಬರ್‌ನ ಆ ಶನಿವಾರ ಸಣ್ಣ ಮಳೆ. ಇವರು ಕೋಟು ಹಾಕಿ, ಕೊಂಡು ತಂದ ಟೋಪಿ ಇಟ್ಟು, ನೆರಿಗೆಯ ಜೇಬಲ್ಲಿ ಫೋನು ತುರುಕಿ ಹೊರಟರು. ಫೋನಿನ ಭಾರಕ್ಕೆ ಒಂದು ಕಡೆ ಘೇರು ಜಗ್ಗುತ್ತಿತ್ತು, ಕಿತ್ತು ನನ್ನ ಬ್ಯಾಗಿಗೆ ಹಾಕಿಕೊಂಡೆ. ಬೀದಿಯಲ್ಲಿ ಜನ ಫೋಟೋ ಕೇಳಿದರು, ಎಲ್ಲರೂ ಮುಂದಿನಿಂದಲೇ. ನಾನು ಮಾತ್ರ ಹಿಂದೆ ಹಿಂದೆ ಹೋಗಿ ಬೆನ್ನಿನ ಫೋಟೋ ತೆಗೆದು ದಾವಣಗೆರೆಗೆ ಕಳಿಸಿದೆ.

ಅಲ್ಲಿ ಆಗ ರಾತ್ರಿ. ಆದರೂ ಐದು ನಿಮಿಷದಲ್ಲಿ ಫೋನ್ ಬಂತು.

"ಚೆನ್ನಾಗಿ ಬಂದೈತವ್ವಾ" ಅಂದರು ಅಪ್ಪ. ಸ್ವಲ್ಪ ತಡೆದು, "ಸೊಂಟದ್ದು ಎಡಗಡೆ ಗುಂಡಿ ಕಾಲು ಇಂಚು ಮೇಲೈತೆ, ನೋಡು."

ಮನೆಗೆ ಬಂದು ಟೇಪು ಹಿಡಿದೆ. ಸರಿಯಾಗಿ ಕಾಲು ಇಂಚು. ಬಿಚ್ಚಿ, ಕೆಳಗಿಳಿಸಿ, ಮತ್ತೆ ಹಚ್ಚಿದೆ.